ಬರ್ಫವಿಲ್ಲದ ತಂಪು: ಅವ್ವನ ಇನ್ಸುಲಿನ್ನಿನೊಂದಿಗೆ ಕಲಬುರಗಿಯಿಂದ ಲಂಡನ್ನಿಗೆ

ಶುಕ್ರವಾರ, ಕಲಬುರಗಿ

ಮೇ ತಿಂಗಳ ಕಲಬುರಗಿಯಲ್ಲಿ ಇನ್ಸುಲಿನ್ ಕಾಪಾಡುವುದು ಮನೆಯಲ್ಲಿದ್ದಾಗಲೇ ಎಚ್ಚರ ಬೇಡುವ ಕೆಲಸ. ಮಧ್ಯಾಹ್ನ 42 ಡಿಗ್ರಿ ದಾಟುವ ಬಿಸಿಲು, ರಾತ್ರಿ ಊಟದ ಹೊತ್ತಿಗೂ ಕಾವು ಬಿಡದ ಶಹಾಬಾದ್ ಕಲ್ಲಿನ ನೆಲ, ನಡುನಡುವೆ ಕೈಕೊಡುವ ಕರೆಂಟು, ಇವುಗಳ ನಡುವೆ ಫ್ರಿಜ್ಜನ್ನು ಪೂರ್ತಿ ನಂಬಿ ಕೂಡುವಂತಿಲ್ಲ. ಹೀಗಿರುವಾಗ ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆಯಿರುವ ಅವ್ವನನ್ನು ಕರೆದುಕೊಂಡು ಹೈದರಾಬಾದ್ ಮಾರ್ಗವಾಗಿ ದುಬೈಗೆ ಹೋಗಿ, ಅಲ್ಲಿ ಚಿಕ್ಕಪ್ಪನ ಮಗನನ್ನು ಕಂಡು, ಲಂಡನ್ನಿನಲ್ಲಿರುವ ತಂಗಿಯ ಮನೆ ಸೇರುವುದೆಂದು ನಿಶ್ಚಯವಾದಾಗ, ಟಿಕೆಟ್ಟು ವೀಸಾಗಳಿಗಿಂತ ಮೊದಲು ನಾನು ಯೋಚಿಸಿದ್ದು ಆಕೆಯ ಇನ್ಸುಲಿನ್ನಿನ ಬಗ್ಗೆ.

ಅವ್ವ ರಾತ್ರಿ ಒಂಬತ್ತಕ್ಕೆ ಗ್ಲಾರ್ಜಿನ್ ಮತ್ತು ಊಟಕ್ಕೆ ಮೊದಲು ಆಸ್ಪಾರ್ಟ್ ತೆಗೆದುಕೊಳ್ಳುತ್ತಾಳೆ. ಎರಡೂ ಇನ್ಸುಲಿನ್ನಿನ ಬಗೆಗಳು, ಸೂಜಿ ಹಚ್ಚಿ ಚುಚ್ಚಿಕೊಳ್ಳುವ ಪೆನ್ನಿನ ರೂಪದಲ್ಲಿವೆ. ಇಂದು ಬೆಳಿಗ್ಗೆ ಡಾಕ್ಟರನ್ನು ಕಂಡು ಬಂದೆವು. ಔಷಧಗಳ ರಾಸಾಯನಿಕ ಹೆಸರು, ಪ್ರಮಾಣ, ಸೂಜಿಗಳನ್ನು ಜೊತೆಗೆ ಒಯ್ಯಬೇಕಾದ ಅಗತ್ಯ, ಇಷ್ಟನ್ನೂ ಅವರು ತಮ್ಮ ಮುದ್ರೆಯುಳ್ಳ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಬೇಕಾದದ್ದರ ಎರಡು ಪಟ್ಟು ಇನ್ಸುಲಿನ್ ಒಯ್ಯಿರಿ, ಅದನ್ನು ಎರಡು ಕೈಚೀಲಗಳಲ್ಲಿ ಹಂಚಿಡಿ, ಒಂದು ಕಳೆದುಹೋದರೂ ಇನ್ನೊಂದು ಉಳಿಯಲಿ ಎಂದರು.

ಮನೆಗೆ ಬಂದ ಮೇಲೆ ಅವ್ವ ಕೇಳಿದ ಪ್ರಶ್ನೆ ಸಹಜವಾದದ್ದೇ ಆಗಿತ್ತು: "ಬರ್ಫಿನ ಡಬ್ಬ್ಯಾಗ ಇಟ್ಕೊಂಡ್ ಹೋದ್ರ ಚಿಂತಿನೇ ಇರಂಗಿಲ್ಲಲ್ಲೋ ಯಪ್ಪಾ?"

"ಬ್ಯಾಡವ್ವ, ಬರ್ಫ್ ತಾಕಿದ್ರ ಬಿಸಿಲಿಗಿಂತ ಜಲ್ದಿ ಕೆಡ್ತದ" ಎಂದೆ. ಈ ಒಂದು ಮಾತನ್ನು ನಮ್ಮ ಭಾಗದ ಪ್ರತಿಯೊಂದು ಮನೆಗೂ ಮುಟ್ಟಿಸಬೇಕೆಂದು ನನಗೆ ಬಹಳ ದಿನಗಳಿಂದ ಅನಿಸಿದೆ. ಇನ್ಸುಲಿನ್ ಒಂದು ಪ್ರೋಟೀನು. ಕಾವು ಅದನ್ನು ದಿನಗಳ, ವಾರಗಳ ಲೆಕ್ಕದಲ್ಲಿ ನಿಧಾನವಾಗಿ ಕುಂದಿಸುತ್ತದೆ. ಆದರೆ ಒಮ್ಮೆ ಹೆಪ್ಪುಗಟ್ಟಿದರೆ ಅದರ ಕಣಗಳು ಒಂದಕ್ಕೊಂದು ಅಂಟಿಕೊಂಡು, ಕರಗಿದ ಮೇಲೂ ಮೊದಲಿನ ಶಕ್ತಿಗೆ ಮರಳುವುದಿಲ್ಲ. ಬಿಳಿಯ ಮಿಶ್ರ ಇನ್ಸುಲಿನ್ ಆಗಿದ್ದರೆ ಗಂಟುಗಂಟಾಗಿ ಕೆಟ್ಟದ್ದನ್ನು ತೋರಿಸೀತು. ಗ್ಲಾರ್ಜಿನ್‌ನಂಥ ತಿಳಿಯಾದ ಇನ್ಸುಲಿನ್ ಹೆಪ್ಪುಗಟ್ಟಿ ಕರಗಿದ ನಂತರವೂ ನೋಡಲು ಮೊದಲಿನಂತೆಯೇ ಇರಬಹುದು. ಆದ್ದರಿಂದ ಹೆಪ್ಪುಗಟ್ಟಿತೆಂಬ ಅನುಮಾನ ಬಂದರೂ ಸಾಕು, ಅದನ್ನು ಬಿಸಾಡಬೇಕು.

ಇನ್ನೊಂದು ವಿಷಯ ತಿಳಿದರೆ ಪ್ರಯಾಣದ ಅರ್ಧ ಭಾರ ಇಳಿಯುತ್ತದೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕೆಂಬುದು ತಿಂಗಳುಗಟ್ಟಲೆ ದಾಸ್ತಾನು ಮಾಡುವುದಕ್ಕಾಗಿ ಇರುವ ನಿಯಮ. ಬಳಕೆಯಲ್ಲಿರುವ ಗ್ಲಾರ್ಜಿನ್ ಮತ್ತು ಆಸ್ಪಾರ್ಟ್ ಪೆನ್ನುಗಳು 30 ಡಿಗ್ರಿಯೊಳಗೆ 28 ದಿನ ಇರಬಲ್ಲವು. ಬೇರೆ ಬಗೆಯ ಇನ್ಸುಲಿನ್ನುಗಳಲ್ಲಿ ಡೆಟೆಮಿರ್‌ಗೆ 42 ದಿನ, ಡೆಗ್ಲುಡೆಕ್‌ಗೆ 56 ದಿನಗಳ ಅವಧಿಯಿದೆ. ತೆರೆಯದ ಪೆನ್ನನ್ನು ಫ್ರಿಜ್‌ನಿಂದ ಹೊರಗೆ ತೆಗೆದಿಟ್ಟರೂ ಅಂದಿನಿಂದಲೇ ಆ ದಿನಗಳ ಎಣಿಕೆ ಆರಂಭವಾಯಿತೆಂದು ತಿಳಿಯಬೇಕು. ಹೀಗಾಗಿ ನಾವು ದಾರಿಯಲ್ಲಿ ಫ್ರಿಜ್ಜಿನ ಚಳಿಯನ್ನು ಹೊತ್ತೊಯ್ಯಬೇಕಾಗಿಲ್ಲ, 30 ಡಿಗ್ರಿಯ ಗೆರೆ ದಾಟದಂತೆ ನೋಡಿಕೊಂಡರೆ ಸಾಕು. ಪ್ರತಿ ಪೆನ್ನಿಗೂ ಚಿಕ್ಕ ಚೀಟಿ ಅಂಟಿಸಿ, ಫ್ರಿಜ್‌ನಿಂದ ಹೊರತೆಗೆದ ತಾರೀಖು ಬರೆದೆ.

ಕೀನ್ಯಾದ ದಾದಾಬ್ ನಿರಾಶ್ರಿತರ ಶಿಬಿರದ ಮನೆಗಳಲ್ಲಿನ ಉಷ್ಣತೆಯನ್ನು ಆಧಾರವಾಗಿಟ್ಟುಕೊಂಡು ಗಡಿರಹಿತ ವೈದ್ಯರ ಸಂಘಟನೆ ಮತ್ತು ಜಿನೀವಾ ವಿಶ್ವವಿದ್ಯಾಲಯದವರು ನಡೆಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. 25ರಿಂದ 37 ಡಿಗ್ರಿಗಳ ನಡುವೆ ಏರಿಳಿಯುವ ಕಾವಿನಲ್ಲಿ ನಾಲ್ಕು ವಾರ ಇಟ್ಟ ಇನ್ಸುಲಿನ್, ಫ್ರಿಜ್‌ನಲ್ಲಿಟ್ಟದ್ದರಷ್ಟೇ ಶಕ್ತಿ ಉಳಿಸಿಕೊಂಡಿತ್ತೆಂದು ಅದು ತೋರಿಸಿತು. ಬಡವರ ಪಾಲಿಗೆ ಇದು ದೊಡ್ಡ ಸಮಾಧಾನದ ಸಂಗತಿ. ಆದರೆ ನಮ್ಮ ಬೇಸಿಗೆ ಆ 37ರ ಮಿತಿಯನ್ನೂ ಮೀರುವುದರಿಂದ, ಇಲ್ಲಿ ತಂಪಿನ ಏರ್ಪಾಡನ್ನು ಬಿಡುವಂತಿಲ್ಲ.

ನಮ್ಮ ಮನೆಯ ಏರ್ಪಾಡು ಮಣ್ಣಿನದು. ದೊಡ್ಡ ಗಡಿಗೆಯೊಳಗೆ ಚಿಕ್ಕ ಗಡಿಗೆ ಇಟ್ಟು, ನಡುವಿನ ಜಾಗಕ್ಕೆ ಉಸುಕು ತುಂಬಿ, ಉಸುಕಿಗೆ ದಿನಕ್ಕೆರಡು ಸಲ ನೀರು ಹನಿಸಿ, ಬಾಯಿಗೆ ಒದ್ದೆ ಅರಿವೆ ಮುಚ್ಚಿ ಪಡಸಾಲೆಯ ಗಾಳಿಗೆ ಇಡುತ್ತೇವೆ. ಕರೆಂಟು ಹೋದ ದಿನಗಳಲ್ಲಿ ಅವ್ವನ ಇನ್ಸುಲಿನ್ನಿಗೆ ಅದೇ ಆಶ್ರಯ. ಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ಇಂದು ಮಧ್ಯಾಹ್ನ ಅದರೊಳಗೆ ಉಷ್ಣಮಾಪಕ ಇಟ್ಟು ನೋಡಿದೆ. ಹೊರಗೆ 42 ಡಿಗ್ರಿ, ಒಳಗೆ 27. ಪ್ರಯಾಣಕ್ಕೆಂದು ತಂಗಿ ಕಳಿಸಿದ್ದ ಫ್ರಿಯೋ ಎಂಬ ಬಟ್ಟೆಯ ಚೀಲವೂ ಇದೇ ತತ್ವದ ಮೇಲೆ ಕೆಲಸ ಮಾಡುತ್ತದೆ. ಅದರ ಪದರಗಳಲ್ಲಿ ನೀರು ಹೀರುವ ಹರಳುಗಳಿವೆ. ಐದರಿಂದ ಹತ್ತು ನಿಮಿಷ ತಣ್ಣೀರಿನಲ್ಲಿ ಅದ್ದಿದರೆ ಅವು ಉಬ್ಬಿ ಲೋಳೆಯಾಗುತ್ತವೆ, ಆ ನೀರು ನಿಧಾನವಾಗಿ ಆವಿಯಾಗುತ್ತ ಒಳಗಿನ ಕಾವನ್ನು ಹೊರಗೆ ಸೆಳೆಯುತ್ತದೆ. ಒಮ್ಮೆ ನೆನೆಸಿದರೆ ಸುಮಾರು ಎರಡು ದಿನ ನಡೆಯುತ್ತದೆ. ಬರ್ಫ ಬೇಡ, ಕರೆಂಟು ಬೇಡ. ಬೇಕಾದದ್ದು ನೀರು ಮತ್ತು ಒಣ ಗಾಳಿ. ಕೊನೆಯದನ್ನು ಮರೆತರೆ ಚೀಲ ಕೈಬಿಡುತ್ತದೆ ಎಂಬುದನ್ನು ಮುಂದೆ ದುಬೈನಲ್ಲಿ ಕಂಡೆವು.

ಶನಿವಾರ, ಹೈದರಾಬಾದ್ ದಾರಿ

ನಸುಕಿನಲ್ಲಿಯೇ ಕಾರಿನಲ್ಲಿ ಹೊರಟು, ಕಮಲಾಪುರ ದಾಟಿ ಹುಮನಾಬಾದ್ ಹಾದು ಜಹೀರಾಬಾದಿನತ್ತ ಸಾಗಿದೆವು. ಕಮಲಾಪುರದಲ್ಲಿ ಅಲ್ಲಿಯ ಹೆಸರುವಾಸಿ ಕೆಂಬಾಳೆಯ ಚಿಪ್ಪೊಂದನ್ನು ಕೊಂಡೆವು. ದಾರಿಯಲ್ಲಿ ಸಕ್ಕರೆ ಕುಸಿದರೆ ಮೊದಲು ಗ್ಲೂಕೋಸ್, ಅದರ ಹಿಂದೆ ಹೊಟ್ಟೆಗೆ ನಿಲ್ಲುವಂಥದ್ದು ಏನಾದರೂ ಕೈಗೆಟುಕುವಂತಿರಬೇಕು.

ಒದ್ದೆ ಚೀಲವನ್ನು ಡಿಕ್ಕಿಯಲ್ಲಿಡದೆ, ಅವ್ವನ ಸೀಟಿನ ಪಕ್ಕದ ಕೊಂಡಿಗೆ ಗಾಳಿಯಾಡುವಂತೆ ನೇತುಹಾಕಿದೆ. ಹುಮನಾಬಾದ್ ದಾಟಿದ ಮೇಲೆ ಡಾಬಾವೊಂದರಲ್ಲಿ ರೊಟ್ಟಿ ತಿನ್ನಲು ಇಳಿದಾಗ ಚೀಲವೂ ನಮ್ಮೊಂದಿಗೆ ಇಳಿಯಿತು. ಬಿಸಿಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಒಳಗು ಅರ್ಧ ಗಂಟೆಯೊಳಗೆ ಹೊರಗಿಗಿಂತ ಹತ್ತಾರು ಡಿಗ್ರಿ ಹೆಚ್ಚು ಕಾಯುತ್ತದೆ. ಎಸಿ ಇದ್ದ ಕಾರೆಂಬ ಧೈರ್ಯದಿಂದ ಔಷಧವನ್ನು ಅದರಲ್ಲಿ ಬಿಟ್ಟು ಊಟಕ್ಕೆ ಹೋಗುವವರನ್ನು ನಾನು ಕಂಡಿದ್ದೇನೆ. ಇನ್ಸುಲಿನ್ ಮನುಷ್ಯನ ಜೊತೆಯಲ್ಲಿಯೇ ಇಳಿಯಬೇಕು, ಜೊತೆಯಲ್ಲಿಯೇ ಏರಬೇಕು. ಮಧ್ಯಾಹ್ನದೊಳಗೆ ಹೈದರಾಬಾದಿನ ಸಂಬಂಧಿಕರ ಮನೆ ಮುಟ್ಟಿದಾಗ ಚೀಲದೊಳಗಿನ ಉಷ್ಣತೆ 26 ಇತ್ತು.

ಭಾನುವಾರ, ಶಂಷಾಬಾದಿನಿಂದ ದುಬೈ

ವಿಮಾನ ನಿಲ್ದಾಣದ ತಪಾಸಣೆಯ ಬಗ್ಗೆ ಅವ್ವನಿಗೆ ಅಂಜಿಕೆಯಿತ್ತು. "ಸೂಜಿ ನೋಡಿ ಕಸ್ಕೋತಾರೇನೋ" ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದಳು. ಔಷಧದ ಚೀಲವನ್ನು ಬೇರೆ ತಟ್ಟೆಯಲ್ಲಿಟ್ಟು, ಕೇಳುವ ಮೊದಲೇ ಡಾಕ್ಟರ ಪತ್ರ ಮುಂದೆ ಹಿಡಿದೆ. ಸಿಬ್ಬಂದಿ ಓದಿ, ಒದ್ದೆ ಚೀಲವನ್ನು ಮುಟ್ಟಿ ನೋಡಿ, ಏನೆಂದು ವಿಚಾರಿಸಿ ಗೌರವದಿಂದಲೇ ಕಳಿಸಿಕೊಟ್ಟರು. ಸಾಮಾನು ನೋಡುವ ಎಕ್ಸ್‌ರೇ ಯಂತ್ರದಿಂದ ಪೆನ್ನಿನ ಇನ್ಸುಲಿನ್ನಿಗೆ ತೊಂದರೆಯಿಲ್ಲ. ಆದರೆ ಇನ್ಸುಲಿನ್ ಪಂಪು ಅಥವಾ ತೋಳಿಗೆ ಅಂಟಿಸುವ ಗ್ಲೂಕೋಸ್ ಸೆನ್ಸರ್ ಇರುವವರು ಅದರ ತಯಾರಕರ ಸೂಚನೆಯನ್ನು ಮೊದಲೇ ಓದಿಕೊಂಡು, ಯಂತ್ರದ ಬದಲು ಕೈಯಿಂದ ತಪಾಸಣೆ ಮಾಡಲು ಕೇಳಿಕೊಳ್ಳುವುದು ಒಳ್ಳೆಯದು.

ದೊಡ್ಡ ಸೂಟ್‌ಕೇಸಿನಲ್ಲಿ ಒಂದು ಪೆನ್ನನ್ನೂ ಇಟ್ಟಿರಲಿಲ್ಲ. ವಿಮಾನ ಹಾರುವ ಎತ್ತರದಲ್ಲಿ ಹೊರಗಿನ ಗಾಳಿ ಸೊನ್ನೆಗಿಂತ ಐವತ್ತು ಡಿಗ್ರಿಯಷ್ಟು ಕೆಳಗಿರುತ್ತದೆ, ಸಾಮಾನಿನ ಅಂಕಣದ ಎಲ್ಲ ಮೂಲೆಗಳೂ ಒಂದೇ ಸಮನೆ ಬೆಚ್ಚಗಿರುತ್ತವೆಂಬ ಭರವಸೆಯಿಲ್ಲ. ಸೂಟ್‌ಕೇಸು ಬೇರೆ ಊರಿಗೆ ಹೋಗಿಬಿಡುವ ಸಂಭವವಂತೂ ಇದ್ದೇ ಇದೆ. ಗಗನಸಖಿಯೊಬ್ಬಳು ಕಾಳಜಿಯಿಂದ ಔಷಧವನ್ನು ತಮ್ಮ ತಂಪು ಪೆಟ್ಟಿಗೆಯಲ್ಲಿ ಇಡಲೇ ಎಂದು ಕೇಳಿದಳು. ನಾನು ಕೈಮುಗಿದು ಬೇಡವೆಂದೆ. ಊಟದ ಪೆಟ್ಟಿಗೆಗಳಲ್ಲಿ ಒಣ ಬರ್ಫ ಬಳಸುವುದುಂಟು, ಅದರ ಪಕ್ಕದಲ್ಲಿ ಇನ್ಸುಲಿನ್ ಹೆಪ್ಪುಗಟ್ಟೀತು. ಕ್ಯಾಬಿನ್ ಗಾಳಿ ತಾನಾಗಿಯೇ 24ರ ಆಸುಪಾಸಿನಲ್ಲಿರುವುದರಿಂದ ಅಲ್ಲಿ ಬೇರೆ ತಂಪಿನ ಅವಶ್ಯಕತೆಯೇ ಇಲ್ಲ.

ಒಂದು ಸಣ್ಣ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಪೆನ್ನಿಗೆ ಸೂಜಿ ಹಚ್ಚಿಯೇ ಇಟ್ಟರೆ, ವಿಮಾನ ಏರುವಾಗ ಇಳಿಯುವಾಗ ಗಾಳಿಯ ಒತ್ತಡ ಬದಲಾಗಿ ಒಳಗೆ ಗುಳ್ಳೆ ಸೇರುತ್ತದೆ, ಆಗ ಹೋಗಬೇಕಾದಷ್ಟು ಔಷಧ ಮೈಗೆ ಹೋಗುವುದಿಲ್ಲ. ಪ್ರತಿ ಸಲವೂ ಸೂಜಿ ತೆಗೆದಿಡಬೇಕು, ಚುಚ್ಚುವ ಮೊದಲು ಎರಡು ಯೂನಿಟ್ಟು ಗಾಳಿಗೆ ಹಾರಿಸಿ ನೋಡಬೇಕು.

ಸೋಮವಾರ, ದುಬೈ

ಕಲಬುರಗಿಯ ಬಿಸಿಲು ಕಂಡವರಿಗೆ ದುಬೈನ ಬಿಸಿಲು ಏನು ಮಹಾ ಎಂದು ನಿನ್ನೆ ಸಂಜೆ ಚಿಕ್ಕಪ್ಪನ ಮಗ, ನನ್ನ ತಮ್ಮ, ನಗುತ್ತ ಹೇಳಿದ್ದ. ಇಂದು ಸಂಜೆ ಖಾಡಿಯ ದಂಡೆಗೆ ಹೋದಾಗ ಉಷ್ಣಮಾಪಕ 36 ತೋರಿಸುತ್ತಿತ್ತು, ಅಂದರೆ ನಮ್ಮೂರಿಗಿಂತ ಆರು ಡಿಗ್ರಿ ಕಡಿಮೆ. ಆದರೂ ಬಟ್ಟೆಯ ಚೀಲದೊಳಗಿನ ಉಷ್ಣತೆ ಇಳಿಯದೆ 30ನ್ನು ಮುಟ್ಟಿ ನಿಂತಿತು.

ಇದರ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಡೀ ಪ್ರಯಾಣದಲ್ಲಿ ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಇದಕ್ಕೇ. ನೀರು ಆವಿಯಾಗಿ ಎಷ್ಟು ತಂಪು ತರಬಲ್ಲದೆಂಬುದನ್ನು ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ತೋರಿಸುತ್ತದೆ. ಅದರ ಅಂಕಿಗಿಂತ ಕೆಳಗೆ ಯಾವ ಗಡಿಗೆಯೂ ಯಾವ ಚೀಲವೂ ಇಳಿಯಲಾರದು. ಕಲಬುರಗಿಯಲ್ಲಿ 42 ಡಿಗ್ರಿ ಕಾವಿದ್ದು, ಗಾಳಿಯ ತೇವಾಂಶ ಶೇಕಡಾ 20 ಇದ್ದರೆ, ಒದ್ದೆ ಬಟ್ಟೆ ಸುಮಾರು 24ರವರೆಗೆ ಇಳಿಯುತ್ತದೆ. ಕಡಲ ದಂಡೆಯಲ್ಲಿ 36 ಡಿಗ್ರಿ ಕಾವಿದ್ದು ತೇವಾಂಶ ಶೇಕಡಾ 60 ಇದ್ದರೆ ಅದು 29ಕ್ಕೇ ನಿಲ್ಲುತ್ತದೆ. ಗಾಳಿ ಆಗಲೇ ನೀರು ಕುಡಿದಿರುವುದರಿಂದ ಹೊಸ ಆವಿಗೆ ಅದರಲ್ಲಿ ಜಾಗವಿಲ್ಲ. ನಮ್ಮ ನಾಡಿನ ಒಣ ಬಿಸಿಲು ಮೈ ಸುಟ್ಟರೂ ಗಡಿಗೆಯ ನೀರನ್ನು ತಣ್ಣಗಿಡುತ್ತದೆ. ಕಡಲೂರಿನ ಬೆವರುವ ಬಿಸಿಲು ಹಾಗೆ ಮಾಡುವುದಿಲ್ಲ.

ಹೀಗಾಗಿ ಇಲ್ಲಿ ಉಪಾಯ ಬದಲಿಸಬೇಕಾಯಿತು. ಅಗಲ ಬಾಯಿಯ ಥರ್ಮಾಸಿನಲ್ಲಿ ತಣ್ಣೀರು ತುಂಬಿ ಸ್ವಲ್ಪ ಹೊತ್ತು ಬಿಟ್ಟು, ಚೆಲ್ಲಿ, ಒಳಗೆ ಒರೆಸಿ, ಅಂದಿಗೆ ಬೇಕಾದ ಪೆನ್ನುಗಳನ್ನು ಕರವಸ್ತ್ರದಲ್ಲಿ ಸುತ್ತಿ ಇಟ್ಟೆವು. ಹೊರಗಿನ ತಿರುಗಾಟವನ್ನು ಸಂಜೆಯ ನಂತರದ ಹೊತ್ತಿಗೆ ಸೀಮಿತಗೊಳಿಸಿ, ಉಳಿದ ಸಮಯ ಎಸಿ ಇರುವ ಕಡೆಯಲ್ಲಿ ಕಳೆದೆವು. ಇದು ಔಷಧಕ್ಕಷ್ಟೇ ಅಲ್ಲ, ಅವ್ವನಿಗೂ ಬೇಕಿತ್ತು. ಬಿಸಿಲಿನಲ್ಲಿ ಚರ್ಮಕ್ಕೆ ರಕ್ತ ಹೆಚ್ಚು ಹರಿಯುವುದರಿಂದ ಚುಚ್ಚಿದ ಇನ್ಸುಲಿನ್ ಬೇಗ ರಕ್ತ ಸೇರುತ್ತದೆ, ಅದರ ಮೇಲೆ ನಡಿಗೆಯೂ ಸೇರಿದರೆ ಸಕ್ಕರೆ ಒಮ್ಮೆಲೇ ಕುಸಿಯಬಹುದು. ಸಕ್ಕರೆ ಅಳೆಯುವ ಪಟ್ಟಿಗಳೂ ತೇವ ತಾಗಿದರೆ ತಪ್ಪು ಅಂಕಿ ತೋರಿಸುವುದರಿಂದ, ಆ ಡಬ್ಬಿಯನ್ನು ಒದ್ದೆ ಚೀಲದಿಂದ ದೂರವಿಟ್ಟು, ಪಟ್ಟಿ ತೆಗೆದ ಕೂಡಲೇ ಮುಚ್ಚಳ ಹಾಕುತ್ತಿದ್ದೆವು.

ತಮ್ಮನ ಮನೆ ಚಿಕ್ಕದಾದುದರಿಂದ ನಾವು ಹೋಟೆಲಿನಲ್ಲಿ ಇಳಿದಿದ್ದೆವು. ಕೋಣೆಯಲ್ಲಿ ಪುಟ್ಟ ಫ್ರಿಜ್ಜಿತ್ತು. ಅದರೊಳಗೆ ಉಷ್ಣಮಾಪಕ ಇಟ್ಟು ರಾತ್ರಿ ನೋಡಿದಾಗ ಸೊನ್ನೆ ತೋರಿಸುತ್ತಿತ್ತು, ಹಿಂದಿನ ಗೋಡೆಗೆ ಬರ್ಫ ಕಟ್ಟಿತ್ತು. ಇಂಥ ಪುಟ್ಟ ಫ್ರಿಜ್ಜುಗಳಲ್ಲಿ ಚಳಿಯನ್ನು ಹೆಚ್ಚು ಕಡಿಮೆ ಮಾಡುವ ತಿರುಗಣಿ ಸರಿಯಾಗಿ ಕೆಲಸ ಮಾಡುತ್ತದೆಂದು ನಂಬಿ ಔಷಧ ಇಡಬಾರದು. ಬಾಗಿಲ ಬಳಿಯ ಕಾರ್ಡು ತೆಗೆದರೆ ಎಸಿಯೂ ನಿಲ್ಲುತ್ತಿದ್ದುದರಿಂದ, ಪೆನ್ನುಗಳನ್ನು ಕೋಣೆಯಲ್ಲಿ ಬಿಟ್ಟು ಹೋಗುವ ಯೋಚನೆಯನ್ನೂ ಕೈಬಿಟ್ಟೆವು. ನಾವಿರುವಾಗ 24 ಡಿಗ್ರಿಯ ಕೋಣೆಯ ಮೇಜಿನ ಡ್ರಾಯರಿನಲ್ಲಿ, ಹೊರಟಾಗ ಥರ್ಮಾಸಿನಲ್ಲಿ, ಹೀಗೆ ಅವು ನಮ್ಮೊಂದಿಗೇ ಇದ್ದವು.

ಮಂಗಳವಾರ, ಲಂಡನ್ನಿಗೆ

ಪಶ್ಚಿಮಕ್ಕೆ ಹಾರುವಾಗ ದಿನ ಉದ್ದವಾಗುತ್ತದೆ. ಬೇಸಿಗೆಯಲ್ಲಿ ಭಾರತಕ್ಕೂ ಲಂಡನ್ನಿಗೂ ನಾಲ್ಕೂವರೆ ಗಂಟೆಯ ಅಂತರ. ಅವ್ವನ ರಾತ್ರಿ ಒಂಬತ್ತರ ಗ್ಲಾರ್ಜಿನ್ ಹೊತ್ತು ಅಲ್ಲಿ ಸಂಜೆ ನಾಲ್ಕೂವರೆಗೇ ಬಂದುಬಿಡುತ್ತದೆ. ಡಾಕ್ಟರು ಈ ಅಂತರವನ್ನು ಮೂರು ಮೆಟ್ಟಿಲುಗಳಲ್ಲಿ ಇಳಿಸಿ ಬರೆದುಕೊಟ್ಟಿದ್ದರು. ದುಬೈನಲ್ಲಿ ಅಲ್ಲಿಯ ಒಂಬತ್ತಕ್ಕೆ ಚುಚ್ಚಿದಾಗ ಒಂದೂವರೆ ಗಂಟೆ ಸರಿಯಿತು, ಇಂದು ಲಂಡನ್ನಿನ ಏಳೂವರೆಗೆ ಮತ್ತೆ ಒಂದೂವರೆ ಗಂಟೆ, ನಾಳೆ ಅಲ್ಲಿಯ ಒಂಬತ್ತಕ್ಕೆ ಇನ್ನೊಂದೂವರೆ. ಇದು ಅವ್ವನ ವಯಸ್ಸು, ಸಕ್ಕರೆ, ಔಷಧ ನೋಡಿ ಮಾಡಿದ ಲೆಕ್ಕ. ಮಿಶ್ರ ಇನ್ಸುಲಿನ್ ತೆಗೆದುಕೊಳ್ಳುವವರ ಲೆಕ್ಕ ಬೇರೆಯಾಗುತ್ತದೆ. ಯಾರೇ ಆಗಲಿ ಹೊರಡುವ ಮುನ್ನ ತಮ್ಮ ಡಾಕ್ಟರಿಂದ ಇಂಥ ಚೀಟಿ ಬರೆಸಿಕೊಳ್ಳಬೇಕು. ನಾನು ನನ್ನ ಕೈಗಡಿಯಾರವನ್ನು ಊರಿನ ಹೊತ್ತಿಗೇ ಬಿಟ್ಟು, ಮೊಬೈಲನ್ನು ಮಾತ್ರ ಬದಲಾಯಿಸಿಕೊಂಡೆ.

ಹೀಥ್ರೋದಲ್ಲಿ ಇಳಿದಾಗ ಹೊರಗೆ 15 ಡಿಗ್ರಿ. ತಂಗಿ ಶಾಲು ಹಿಡಿದು ನಿಂತಿದ್ದಳು. ಅವ್ವನನ್ನು ತಬ್ಬಿಕೊಂಡ ಮೇಲೆ ಅವಳು ಕೇಳಿದ್ದು, "ಅಣ್ಣಾ, ಔಷಧ ಕೈಚೀಲದಾಗೇ ಅದಾವಲ್ಲ?"

ಬುಧವಾರ, ತಂಗಿಯ ಮನೆ

ಫ್ರಿಜ್‌ನಲ್ಲಿ ಇನ್ಸುಲಿನ್ನಿಗೆ ಜಾಗ ಹುಡುಕುವುದರಲ್ಲಿ ಬೆಳಿಗ್ಗೆ ಕಳೆಯಿತು. ಮೇಲಿನ ಹಲಗೆಯ ಹಿಂಭಾಗದಲ್ಲಿ, ಚಳಿಗಾಳಿ ಬರುವ ರಂಧ್ರದ ಎದುರಿಗೆ, 1 ಡಿಗ್ರಿ. ನಡುವಿನ ಹಲಗೆಯ ಮುಂಭಾಗದಲ್ಲಿ 5. ಮುಚ್ಚಳವುಳ್ಳ ಡಬ್ಬಿಯೊಂದರಲ್ಲಿ ತೆರೆಯದ ಪೆನ್ನುಗಳನ್ನಿಟ್ಟು ಆ ಮುಂಭಾಗದಲ್ಲಿ ಇಟ್ಟೆವು. ದಾರಿಯಲ್ಲಿ ಹೊರಗಿದ್ದ ದಿನಗಳು ಅವುಗಳ ಲೆಕ್ಕದಲ್ಲಿ ಆಗಲೇ ಸೇರಿರುವುದರಿಂದ, ಮೊದಲು ಅವನ್ನೇ ಬಳಸಿ ಮುಗಿಸುವುದೆಂದು ತಂಗಿಗೂ ತಿಳಿಸಿದೆ. ಬಳಕೆಯ ಪೆನ್ನು ಅಡುಗೆಮನೆಯ ಕಪಾಟಿನಲ್ಲಿಯೇ ಇರಲಿ ಎಂದೆ. ತಣ್ಣಗಿನ ಇನ್ಸುಲಿನ್ ಚುಚ್ಚಿದರೆ ನೋವು ಹೆಚ್ಚು.

ಪಕ್ಕದ ಔಷಧದ ಅಂಗಡಿಗೂ ಹೋಗಿ ಬಂದೆ. ಬ್ರಿಟನ್ನಿನಲ್ಲಿ ಇನ್ಸುಲಿನ್ ಚೀಟಿಯಿಲ್ಲದೆ ಕೌಂಟರಿನಲ್ಲಿ ಸಿಗುವ ವಸ್ತುವಲ್ಲ. ಇನ್ನೊಂದು ಅಪಾಯವನ್ನೂ ಹೇಳಲೇಬೇಕು. ನಮ್ಮಲ್ಲಿ ಶೀಷೆಯಲ್ಲಿ ಬರುವ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್ಟಿನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಅಲ್ಲಿಯ ಸಿರಿಂಜುಗಳು 100 ಯೂನಿಟ್ಟಿನ ಗುರುತಿನವು. ಪರದೇಶದ 100ರ ಇನ್ಸುಲಿನ್ನನ್ನು ನಮ್ಮ 40ರ ಸಿರಿಂಜಿನಿಂದ ಅದೇ ಗೆರೆಯವರೆಗೆ ಎಳೆದು ಚುಚ್ಚಿದರೆ ಎರಡೂವರೆ ಪಟ್ಟು ಔಷಧ ಮೈ ಸೇರುತ್ತದೆ. ಅದು ಪ್ರಾಣಕ್ಕೇ ಎರವಾದೀತು. ಶೀಷೆ ಬಳಸುವವರು ತಮ್ಮ ಶೀಷೆಗಳನ್ನೂ ಅವಕ್ಕೆ ಹೊಂದುವ ಸಿರಿಂಜುಗಳನ್ನೂ ಸಾಕಷ್ಟು ಒಯ್ಯಬೇಕು, ಆ ಸಿರಿಂಜುಗಳನ್ನು ಪರದೇಶದ ಶೀಷೆಗೆ ಬಳಸಬಾರದು.

ಗುರುವಾರ, ಥೇಮ್ಸ್ ದಂಡೆ

ಬಸವಣ್ಣನವರ ಪ್ರತಿಮೆ ನೋಡಬೇಕೆಂಬುದು ಅವ್ವನ ಬಹುದಿನದ ಆಸೆ. ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ನದಿಯ ದಕ್ಷಿಣ ದಂಡೆಗುಂಟ, ಸೇಂಟ್ ಥಾಮಸ್ ಆಸ್ಪತ್ರೆಯನ್ನು ಹಾದು, ಲ್ಯಾಂಬೆತ್ ಸೇತುವೆಯ ಬುಡವನ್ನೂ ಹಾದು ಅದೇ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ನಿಧಾನವಾಗಿ ನಡೆದೆವು. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಅಲ್ಲಿ ನೆಲೆನಿಂತ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಅದೇ ನವೆಂಬರ್ 14 ವಿಶ್ವ ಮಧುಮೇಹ ದಿನವೂ ಹೌದು. ಟೊರಾಂಟೊದಲ್ಲಿ 1921ರಲ್ಲಿ ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದು 1891ರ ಆ ದಿನ. ನಾನು ಇದನ್ನು ಹೇಳಿದಾಗ ಅವ್ವ ಎರಡನೆಯ ಸಲ ಕೈಮುಗಿದಳು.

ಅಂದಿನ ಉಷ್ಣತೆ 18 ಡಿಗ್ರಿ. ಚೀಲವನ್ನು ನೆನೆಸಿರಲಿಲ್ಲ, ಪೆನ್ನು ಅವ್ವನ ಕೈಚೀಲದಲ್ಲಿ ಹಾಗೆಯೇ ಇತ್ತು. ನದಿ ದಂಡೆಯ ಬೆಂಚಿನ ಮೇಲೆ ಕುಳಿತು ಆಕೆ ಸಕ್ಕರೆ ನೋಡಿಕೊಂಡು, ಆಸ್ಪಾರ್ಟ್ ಚುಚ್ಚಿಕೊಂಡು, ಕಟಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ತಿಂದಳು. ತಂಪು ಮಾಡುವ ಸಾಧನ ಕೈಯಲ್ಲಿದೆ ಎಂದು ಎಲ್ಲ ಕಡೆಯೂ ಅದನ್ನು ಬಳಸಬೇಕಾಗಿಲ್ಲ. ಅಂದಂದಿನ ಗಾಳಿಯನ್ನು ನೋಡಿ ನಿರ್ಧರಿಸಬೇಕು.

ಮುಂದಿನ ದಿನಗಳಲ್ಲಿ ಬರೆಯುವಂಥದ್ದು ಏನೂ ನಡೆಯಲಿಲ್ಲ. ಮರಳುವಾಗ ದುಬೈನಲ್ಲಿ ಇಳಿಯದೆ, ನಿಲ್ದಾಣದೊಳಗೇ ವಿಮಾನ ಬದಲಿಸಿದೆವು. ಪೂರ್ವಕ್ಕೆ ಹಾರುವಾಗ ದಿನ ಕುಗ್ಗುವುದರಿಂದ ಡಾಕ್ಟರು ಅದಕ್ಕೆ ಬೇರೆ ಚೀಟಿ ಕೊಟ್ಟಿದ್ದರು.

ಕಲಬುರಗಿಗೆ ಮರಳಿದ ಮೇಲೆ

ನಾವು ಊರು ಸೇರುವ ಹೊತ್ತಿಗೆ ಮಿರಗದ ಮಳೆ ಆರಂಭವಾಗಿತ್ತು. ನೆರೆಮನೆಯ ಚಾಚಾ ಮಕ್ಕಾದ ಉಮ್ರಾ ಯಾತ್ರೆಗೆ ಹೊರಡುವವರಿದ್ದರು. ಅವರೂ ಇನ್ಸುಲಿನ್ ತೆಗೆದುಕೊಳ್ಳುವವರು. "ಮಾಸ್ತರ್, ಅಲ್ಲಿ ನಮ್ಮಕಿಂತ ಜಾಸ್ತಿ ಬಿಸಿಲಂತ. ಈ ಚೀಲ ನಡೀತದೇನ್ರಿ?" ಎಂದು ಕೇಳಿದರು. ಜಿದ್ದಾ ಕೆಂಪು ಸಮುದ್ರದ ದಂಡೆಯ ಊರಾದುದರಿಂದ ಅಲ್ಲಿಯ ಗಾಳಿ ದುಬೈನಂತೆ ತೇವದ್ದು, ಅಲ್ಲಿ ಥರ್ಮಾಸು ಬಳಸಬೇಕು. ಮಕ್ಕಾ ಮದೀನಾಗಳ ಬಿಸಿಲು ನಮ್ಮದರಂತೆ ಒಣದ್ದು, ಅಲ್ಲಿ ಚೀಲ ಚೆನ್ನಾಗಿ ಕೆಲಸ ಮಾಡುತ್ತದೆ ಎಂದೆ. ಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಬೇಡಿರಿ, ಫ್ರಿಜ್‌ನಲ್ಲಿ ಇಡಬೇಡಿರಿ, ಹೋಟೆಲಿನ ಫ್ರಿಜ್ಜನ್ನು ಅಳೆಯದೆ ನಂಬಬೇಡಿರಿ ಎಂದು ಹಾಳೆಯೊಂದರಲ್ಲಿ ಉರ್ದು ಬಲ್ಲ ಅವರ ಮಗನಿಂದ ಬರೆಸಿಕೊಟ್ಟೆ. ಅವರದು 40 ಯೂನಿಟ್ಟಿನ ಶೀಷೆ. ಕೆಂಪು ಮುಚ್ಚಳದ ಸಿರಿಂಜುಗಳ ಎರಡು ಪೊಟ್ಟಣ ಹೆಚ್ಚಿಗೆ ತರಿಸಿದೆವು. ಈಗ ಅವರ ಪಡಸಾಲೆಯಲ್ಲಿ ಚೀಲವನ್ನು ನೆನೆಸಿ ನೇತುಹಾಕಿ ಉಷ್ಣಮಾಪಕ ಇಟ್ಟಿದ್ದೇವೆ. ಮಳೆಗಾಲದ ತೇವದಿಂದಾಗಿ ಇಲ್ಲಿ ಹೊರಗಿಗೂ ಒಳಗಿಗೂ ನಾಲ್ಕೈದು ಡಿಗ್ರಿಯ ಅಂತರ ಮಾತ್ರ ಸಿಗುತ್ತಿದೆ, ಮಕ್ಕಾದಲ್ಲಿ ಇದಕ್ಕಿಂತ ಹೆಚ್ಚು ಸಿಗುತ್ತದೆಂದು ಚಾಚಾಗೆ ಹೇಳಿದ್ದೇನೆ.